ಆಟದ ಪಿರಿಯಡ್‌ನಲ್ಲಿ ಅಂಕ ಬರೆಯುವ ಮಗ

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಸೆರೆಬ್ರಲ್ ಪಾಲ್ಸಿಯಿಂದಾಗಿ ಎರಡೂ ಕಾಲು ಬಿಗಿ. ಊರುಗೋಲು ಹಿಡಿದು ನಡೆಯುತ್ತಾನೆ. ಆಟದ ಪಿರಿಯಡ್‌ನಲ್ಲಿ ಪಿ.ಟಿ. ಮೇಷ್ಟರು ಅವನಿಗೆ ಅಂಕ ಬರೆಯುವ ಕೆಲಸ ಕೊಟ್ಟಿದ್ದಾರೆ. ಮೇಷ್ಟರು ಒಳ್ಳೆಯವರು. ಮಗನೂ ‘ನನಗೆ ಅದೇ ಇಷ್ಟ’ ಎನ್ನುತ್ತಾನೆ. ‘ಓಟ, ಜಿಗಿತ ಬೇಡ’ ಎಂದು ವೈದ್ಯರೇ ಚೀಟಿ ಬರೆದುಕೊಟ್ಟಿದ್ದರಿಂದ ನಾನೂ ಸುಮ್ಮನಿದ್ದೇನೆ. ಇದು ಸರಿಯೇ?
– ಒಬ್ಬ ತಾಯಿ

ಉತ್ತರ: ಸರಿಯಲ್ಲ, ತಾಯಿ. ಇಂಥ ಮಕ್ಕಳಿಗೆ ಆಟ ಕಲಿಸುವುದರಲ್ಲೇ ನನ್ನ ನೌಕರಿಯೆಲ್ಲ ಕಳೆದಿದೆ. ಅಂಕದ ಪುಸ್ತಕ ಹಿಡಿದು ಅಂಗಳದ ಅಂಚಿನಲ್ಲಿ ಕೂತ ಮಗುವನ್ನು ಕಂಡಾಗ ಇವತ್ತಿಗೂ ಸಂಕಟವಾಗುತ್ತದೆ. ಲೆಕ್ಕ ಬಾರದ ಮಗುವಿಗೆ ಗಣಿತದ ಪಿರಿಯಡ್‌ನಲ್ಲಿ ಕಪ್ಪುಹಲಗೆ ಒರೆಸುವ ಕೆಲಸ ಕೊಟ್ಟು ಕೂರಿಸಿದರೆ ಯಾರಾದರೂ ಒಪ್ಪುತ್ತಾರೆಯೇ? ಇಷ್ಟ ಎನ್ನುವ ಮಗನ ಮುಂದೆ ಬೇರೆ ಯಾವ ಆಯ್ಕೆಯಿತ್ತು ಎಂದೂ ಯೋಚಿಸಿ. ಅವನಿಗೆ ಆಡುವ ಅವಕಾಶ ಸಿಕ್ಕಿ, ಆಮೇಲೂ ಪುಸ್ತಕವನ್ನೇ ಆರಿಸಿಕೊಂಡರೆ ಆಗ ಮಾತು ಬೇರೆ.

ಮೊದಲು ಆ ಚೀಟಿಯನ್ನು ಬದಲಿಸಿ. ಏನು ಮಾಡಬಾರದು ಎಂದು ಕೇಳಿದರೆ ವೈದ್ಯರು ಅಷ್ಟನ್ನೇ ಬರೆಯುತ್ತಾರೆ. ಮುಂದಿನ ಸಲ ಹೋದಾಗ ಅವನು ಏನೇನು ಮಾಡಬಹುದು, ಎಷ್ಟು ಹೊತ್ತು ಮಾಡಬಹುದು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂಬುದನ್ನು ಬರೆಸಿಕೊಂಡು ಬನ್ನಿ. ಫಿಸಿಯೋಥೆರಪಿಸ್ಟ್ ಇದ್ದರೆ ಅವರನ್ನೂ ಕೇಳಿ. ಮಗು ಬಿದ್ದರೆ ಹೊಣೆ ತನ್ನ ತಲೆಗೆ ಎಂಬ ಭಯ ಮೇಷ್ಟರಿಗೆ ಇದ್ದೇ ಇರುತ್ತದೆ. ಅಂಥ ಚೀಟಿ ಕೈಯಲ್ಲಿದ್ದರೆ ಅವರಿಗೂ ಧೈರ್ಯ. 5ರಿಂದ 17 ವರ್ಷದ ಅಂಗವಿಕಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೈ ಬಿಗಿಯಿರುವ ಮಗು ಕೂತಲ್ಲೇ ಕೂತರೆ ಸ್ನಾಯು ಸೊರಗುತ್ತದೆ, ಕೀಲು ಇನ್ನಷ್ಟು ಜಡವಾಗುತ್ತದೆ.

ಇನ್ನು, ಏನು ಆಡಬೇಕು? ನಾನು ಮೊದಲು ಹೇಳುವುದು ಬೋಚಾ. ಸೆರೆಬ್ರಲ್ ಪಾಲ್ಸಿ ಇರುವವರಿಗೆಂದೇ ರೂಪುಗೊಂಡ ಆಟ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ. ಕೂತಲ್ಲಿಂದಲೇ ಎಸೆದು ನಿಮ್ಮ ಬಣ್ಣದ ಚೆಂಡನ್ನು ಬಿಳಿಯ ಹತ್ತಿರ ನಿಲ್ಲಿಸಬೇಕು, ಎದುರಾಳಿಯದನ್ನು ತಳ್ಳಬೇಕು. ಎಸೆಯಲೂ ಆಗದವರು ಇಳಿಜಾರಾಗಿ ನಿಲ್ಲಿಸಿದ ಉದ್ದನೆಯ ದೋಣಿಯಿಂದ (ರ್‍ಯಾಂಪ್) ಚೆಂಡು ಉರುಳಿಸುತ್ತಾರೆ. ಆ ದೋಣಿಯನ್ನು ಅತ್ತಿತ್ತ ಸರಿಸಲು ಒಬ್ಬ ಸಹಾಯಕ ಇರುತ್ತಾನೆ. ಅವನು ಅಂಕಣಕ್ಕೆ ಬೆನ್ನು ಹಾಕಿಯೇ ಕೂರಬೇಕು, ತಿರುಗಿ ನೋಡುವಂತಿಲ್ಲ. ಎಲ್ಲಿಗೆ, ಎಷ್ಟು ಎತ್ತರದಿಂದ ಎಂಬ ನಿರ್ಧಾರ ಪೂರ್ತಿಯಾಗಿ ಆಟಗಾರನದು. ನನಗೆ ಬಹಳ ಮೆಚ್ಚುಗೆಯಾದ ನಿಯಮ ಇದು. ಸಹಾಯ ಮಾಡುವ ದೊಡ್ಡವರು ಮಗುವಿನ ಕೈ ಹಿಡಿದು ತಾವೇ ಆಡಿಬಿಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಇನ್ನೊಂದು, ಕೂತು ಆಡುವ ವಾಲಿಬಾಲ್. ಗಂಡಸರ ಪಂದ್ಯಗಳಲ್ಲಿ ಬಲೆಯ ಎತ್ತರ 1.15 ಮೀಟರ್, ಮಕ್ಕಳಿಗೆ ಒಂದು ಹಗ್ಗ ಕಟ್ಟಿದರೂ ಸಾಕು. ಇಲ್ಲಿ ಇಡೀ ತರಗತಿಯೇ ನೆಲಕ್ಕೆ ಕೂರುವುದರಿಂದ ನಿಮ್ಮ ಮಗ ಎಲ್ಲರ ಎತ್ತರದಲ್ಲೇ ಇರುತ್ತಾನೆ. ಗಾಳಿ ತುಂಬಿದ ಹಗುರ ಚೆಂಡಾದರೆ ನಿಧಾನವಾಗಿ ಇಳಿಯುತ್ತದೆ, ಕೈ ಎತ್ತಲು ಸಮಯ ಸಿಗುತ್ತದೆ. ಬಿಗಿ ಕಾಲಿನವರಿಗೆ ಕಾಲು ಚಾಚಿ ಕೂರುವುದು ಕಷ್ಟ. ಕೆಳಗೊಂದು ಗಟ್ಟಿ ದಿಂಬು ಕೊಡಿ, ಬೆನ್ನು ನೆಟ್ಟಗಾಗುತ್ತದೆ. ಮಗ ಬೇಗ ದಣಿಯುತ್ತಾನೆ, ಅದಕ್ಕೆ ಗಾಬರಿ ಬೇಡ. ಸ್ವಲ್ಪ ಆಡಿ, ಸ್ವಲ್ಪ ಕೂತು, ಮತ್ತೆ ಆಡಲಿ. ಅಂಕದ ಪುಸ್ತಕ ಎಲ್ಲರ ಕೈಗೂ ಸರದಿಯಂತೆ ಹೋಗಲಿ.

ಪ್ರಶ್ನೆ: ನನ್ನ ತರಗತಿಯಲ್ಲಿ ಐವತ್ತು ಮಕ್ಕಳು. ಆಟಿಸಂ ಇರುವ ಒಬ್ಬ ಹುಡುಗ ಸೀಟಿ ಊದಿದೊಡನೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಒಬ್ಬನಿಗಾಗಿ ಎಲ್ಲವನ್ನೂ ಬದಲಿಸಲು ಸಾಧ್ಯವೇ?
– ದೈಹಿಕ ಶಿಕ್ಷಣ ಶಿಕ್ಷಕ

ಉತ್ತರ: ಸೀಟಿಯೊಂದನ್ನು ಬಿಟ್ಟುಬಿಡಿ ಮೇಷ್ಟರೇ. ಬಣ್ಣದ ಬಾವುಟ ಎತ್ತಿದರೆ ನಿಲ್ಲಬೇಕು, ಇಳಿಸಿದರೆ ಆಡಬೇಕು ಎಂದು ಎಲ್ಲರಿಗೂ ಕಲಿಸಿ. ಐವತ್ತು ಜನರೂ ನಿಮ್ಮ ಕಡೆ ನೋಡಲು ಕಲಿಯುತ್ತಾರೆ. ಕಿವಿ ಕೇಳದ ಮಗುವೊಂದು ಬಂದರೆ ಅದಕ್ಕೂ ಅನುಕೂಲ. ಆ ಹುಡುಗನಿಗೆ ಮೈ ಬಿಸಿ ಮಾಡುವುದು, ಆಟ, ನೀರು, ತರಗತಿಗೆ ವಾಪಸು ಎಂಬ ಕ್ರಮವನ್ನು ಚಿತ್ರ ಬರೆದು ತೋರಿಸಿ, ಮುಗಿದದ್ದನ್ನು ಅವನ ಕೈಯಿಂದಲೇ ಅಳಿಸಿ. ಮುಂದೇನು ಎಂದು ತಿಳಿಯದಿರುವುದು ಇಂಥ ಅನೇಕ ಮಕ್ಕಳಿಗೆ ದೊಡ್ಡ ಹಿಂಸೆ. ಕ್ರಮ ಬದಲಾಗುವುದಿದ್ದರೆ ಮೊದಲೇ ಹೇಳಿ. ಔಟ್ ಆದವರು ಹೊರಗೆ ಕೂರುವ ಆಟಗಳನ್ನೂ ದಯವಿಟ್ಟು ಕಡಿಮೆ ಮಾಡಿ. ಅಭ್ಯಾಸ ಹೆಚ್ಚು ಬೇಕಾದ ಮಗುವೇ ಅಲ್ಲಿ ಮೊದಲು ಹೊರಬೀಳುವುದು. ಔಟ್ ಆದವರು ಪಕ್ಕದಲ್ಲಿ ಒಂದಷ್ಟು ಸಲ ಚೆಂಡು ಪುಟಿಸಿ ಮತ್ತೆ ಒಳಗೆ ಬರಲಿ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವ ನನ್ನ ಮಗಳಿಗೆ ಜಿಮ್ನಾಸ್ಟಿಕ್ಸ್ ಎಂದರೆ ಪ್ರಾಣ. ಲಾಗ ಹಾಕಿಸಬಹುದೇ?
– ತಂದೆ

ಉತ್ತರ: ವೈದ್ಯರು ಅವಳ ಕುತ್ತಿಗೆ ಪರೀಕ್ಷಿಸಿ ಒಪ್ಪುವ ತನಕ ಬೇಡ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವಿನ ಹಿಡಿತ ಸಡಿಲ. ಲಾಗ ಹಾಕುವಾಗ, ತಲೆಯ ಮೇಲೆ ನಿಲ್ಲುವಾಗ, ಟ್ರ್ಯಾಂಪೊಲಿನ್ ಮೇಲೆ ಜಿಗಿಯುವಾಗ ಬೆನ್ನುಹುರಿಗೆ ಪೆಟ್ಟಾಗಬಹುದು. ಎಕ್ಸ್-ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಅವಳ ಮೇಲಿನ ನಿಗಾ ಬಿಡಬೇಡಿ. ಅಲ್ಲಿಯವರೆಗೆ ರಿಬ್ಬನ್, ದೊಡ್ಡ ಬಳೆಯಂಥ ಹೂಪ್, ಚೆಂಡು ಹಿಡಿದು ಸಂಗೀತಕ್ಕೆ ಆಡುವ ಜಿಮ್ನಾಸ್ಟಿಕ್ಸ್ ಕಲಿಯಲಿ, ನೆಲಕ್ಕೆ ತಾಗಿದಂತಿರುವ ಹಲಗೆಯ ಮೇಲೆ ತೋಳು ಚಾಚಿ ನಡೆಯಲಿ. ಕುತ್ತಿಗೆ ನೋವು, ತಲೆ ಒಂದು ಕಡೆ ವಾಲುವುದು, ನಡಿಗೆ ಬದಲಾಗುವುದು, ಕೈಯ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು – ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.