ಅಪ್ಲೈಡ್ ಎಕ್ಸರ್‌ಸೈಜ್ ಫಿಸಿಯಾಲಜಿಯ (ವ್ಯಾಯಾಮ ಮಾಡುವಾಗ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಅಧ್ಯಯನದ) ಸ್ನಾತಕೋತ್ತರ ಪದವಿಯಲ್ಲಿ ಏನು ಕಲಿಸುತ್ತಾರೆ? ಕ್ರೀಡಾ ತರಬೇತಿ ಮಾತ್ರವೇ?
ಖಂಡಿತ ಅಲ್ಲ. ಇದರ ಜೀವಾಳ ಲ್ಯಾಬ್. ಟ್ರೆಡ್‌ಮಿಲ್ ಮೇಲೆ ಓಡುವವರಿಗೆ ಮಾಸ್ಕ್ ಹಾಕಿ ಉಸಿರಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಳೆಯುತ್ತೀರಿ. ವೇಗ ಹೆಚ್ಚಿಸಿದರೂ ಆಮ್ಲಜನಕದ ಬಳಕೆ ಇನ್ನು ಏರದೆ ನಿಲ್ಲುವ ಮಟ್ಟವೇ ವಿಒ2 ಮ್ಯಾಕ್ಸ್. ಅದು ಎರಡರ ಗುಣಲಬ್ಧ: ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತ, ಮತ್ತು ಆ ರಕ್ತದ ಪ್ರತಿ ಲೀಟರಿನಿಂದ ದೇಹ ಹೀರಿಕೊಳ್ಳುವ ಆಮ್ಲಜನಕ. ಈ ಪರೀಕ್ಷೆ ಮ್ಯಾರಥಾನ್ ಓಟಗಾರರಿಗೂ ಬೇಕು, ಹೃದ್ರೋಗಿಗಳಿಗೂ ಬೇಕು. ನನಗೆ ಈ ವಿಷಯ ಇಷ್ಟವಾಗುವುದೇ ಅದಕ್ಕೆ.

ಇಸಿಜಿ, ರಕ್ತದ ಲ್ಯಾಕ್ಟೇಟ್ (ಕಠಿಣ ಶ್ರಮದಲ್ಲಿ ಸ್ನಾಯುಗಳಿಂದ ರಕ್ತಕ್ಕೆ ಸೇರುವ ವಸ್ತು) ಪರೀಕ್ಷೆ, ಸಂಖ್ಯಾಶಾಸ್ತ್ರವೂ ಇರುತ್ತವೆ. ಸಂಖ್ಯಾಶಾಸ್ತ್ರವನ್ನು ಸುಮ್ನೆ ಪಾಸಾಗಲು ಓದಬೇಡಿ, ಪ್ರಬಂಧ ಬರೆಯುವಾಗ ಅದೇ ಜಾಸ್ತಿ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಸೆ ಇದ್ದರೆ, ಸೇರುವ ಮುಂಚೆ ಒಂದನ್ನು ವಿಚಾರಿಸಿ: ಕೋರ್ಸಿನಲ್ಲಿ ರೋಗಿಗಳ ಜೊತೆ ಪ್ರಾಯೋಗಿಕ ತರಬೇತಿ ಎಷ್ಟು ಗಂಟೆ ಇದೆ?