ಜನವರಿ 7ಕ್ಕೂ ಕ್ರಿಸ್‌ಮಸ್ಸಾ?

ಪ್ರಶ್ನೆ: ಮೇಡಂ, ನನ್ನ ತಂಡದಲ್ಲಿ ಸರ್ಬಿಯಾದ ಹುಡುಗನೊಬ್ಬ ಇದ್ದಾನೆ. ಡಿಸೆಂಬರ್ 25ರಂದು ಎಂದಿನಂತೆ ಕೆಲಸ ಮಾಡಿದ. ಈಗ ಜನವರಿ 7ಕ್ಕೆ ಕ್ರಿಸ್‌ಮಸ್ ಅಂತ ರಜೆ ಕೇಳುತ್ತಿದ್ದಾನೆ. ಇದು ಸುಮ್ನೆ ನೆವ ಅಲ್ವಾ?

ಉತ್ತರ: ನೆವ ಅಲ್ಲ, ರಜೆ ಕೊಟ್ಟುಬಿಡಿ. ಅವನ ಚರ್ಚಿನ ಲೆಕ್ಕದಲ್ಲಿ ಡಿಸೆಂಬರ್ 25 ಬರುವುದೇ ಆವತ್ತು.

ಜೂಲಿಯಸ್ ಸೀಸರ್ ಜಾರಿಗೆ ತಂದ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365 ದಿನ, 6 ಗಂಟೆ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ತಾನೇ ಅನ್ನಬೇಡಿ. 128 ವರ್ಷಕ್ಕೆ ಒಂದು ಇಡೀ ದಿನ ಜಾರಿಹೋಗುತ್ತದೆ. 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನಗಳನ್ನು ಒಂದೇ ಏಟಿಗೆ ತೆಗೆದುಹಾಕಿದರು. ಅಕ್ಟೋಬರ್ 4ರ ಮಾರನೇ ದಿನ ಅಕ್ಟೋಬರ್ 15! ಆದರೆ ಪೋಪ್ ಮಾತನ್ನು, ಅವರ ಅಧಿಕಾರವನ್ನೇ ಒಪ್ಪದ ಆರ್ಥೊಡಾಕ್ಸ್ ಚರ್ಚುಗಳು ಯಾಕೆ ಕೇಳಬೇಕು? ಕೇಳಲಿಲ್ಲ. ಆಮೇಲೆ ಗ್ರೀಸ್‌ನಂಥ ಕೆಲವು ಕಡೆ ಡಿಸೆಂಬರ್ 25ಕ್ಕೆ ಬಂದರು. ರಷ್ಯಾ, ಸರ್ಬಿಯಾ, ಜಾರ್ಜಿಯಾದ ಚರ್ಚುಗಳು ಹಳೆಯದನ್ನೇ ಹಿಡಿದುಕೊಂಡಿವೆ. ಎರಡೂ ಕ್ಯಾಲೆಂಡರುಗಳ ನಡುವಿನ ಅಂತರ ಈಗ 13 ದಿನ. ಉಕ್ರೇನ್ ಮಾತ್ರ 2023ರಲ್ಲಿ ಡಿಸೆಂಬರ್‌ಗೆ ದಾಟಿತು. ಅದಕ್ಕೆ ಕಾರಣ ಗಣಿತ ಅಲ್ಲ, ಯುದ್ಧ.

ನಿಮ್ಮ ಹುಡುಗನಿಗೆ 6ನೇ ತಾರೀಕೂ ಹಬ್ಬದ ಕೆಲಸ ಇರುತ್ತದೆ. ಆವತ್ತು ಸಂಜೆ ಎಲೆ ಇರುವ ಓಕ್ ಕೊಂಬೆಯನ್ನು ತಂದು ಬೆಂಕಿಗೆ ಹಾಕುತ್ತಾರೆ. ಕಿಡಿ ಎಷ್ಟು ಹಾರಿದರೆ ಮನೆಗೆ ಅಷ್ಟು ಒಳ್ಳೆಯದು ಅಂತ ನಂಬಿಕೆ. ಮಾರನೇ ದಿನದ ಊಟಕ್ಕೆ ಚೆಸ್ನಿಟ್ಸಾ ಅನ್ನುವ ದುಂಡನೆಯ ರೊಟ್ಟಿ. ಅದರೊಳಗೆ ಒಂದು ನಾಣ್ಯ ಇಟ್ಟು ಬೇಯಿಸುತ್ತಾರೆ. ಚಾಕು ಮುಟ್ಟಿಸುವ ಹಾಗಿಲ್ಲ, ಮನೆಯವರೆಲ್ಲ ಕೈಯಲ್ಲೇ ಮುರಿಯಬೇಕು. ನಾಣ್ಯ ಸಿಕ್ಕವರಿಗೆ ಆ ವರ್ಷ ಅದೃಷ್ಟ. 8ನೇ ತಾರೀಕು ಆಫೀಸಿಗೆ ಬಂದ ಮೇಲೆ ಯಾರಿಗೆ ಸಿಕ್ಕಿತು ಅಂತ ಕೇಳಿ ನೋಡಿ.

ಅಂದ ಹಾಗೆ, 2101ರಿಂದ ಇದೇ ಹಬ್ಬ ಜನವರಿ 8ಕ್ಕೆ ಬೀಳುತ್ತದೆ. 2100ರಲ್ಲಿ ಹಳೆಯ ಕ್ಯಾಲೆಂಡರಿಗೆ ಫೆಬ್ರವರಿ 29 ಉಂಟು, ನಮ್ಮ ಕೈಯಲ್ಲಿರುವುದಕ್ಕೆ ಇಲ್ಲ. ಆ ರಜೆ ಮಂಜೂರು ಮಾಡುವ ಕಷ್ಟ ನಿಮಗಿಲ್ಲ ಬಿಡಿ.

ಪ್ರಶ್ನೆ: ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಅಮಾಝಿಗ್ (ಬರ್ಬರ್) ಜನರ ಹೊಸ ವರ್ಷಕ್ಕೆ ಆಲ್ಜೀರಿಯಾದಲ್ಲಿ ಜನವರಿ 12, ಮೊರಾಕೊದಲ್ಲಿ 14ರಂದು ರಜೆ. ಯಾವುದು ಸರಿ?

ಉತ್ತರ: ಲೆಕ್ಕದ ಪ್ರಕಾರ ಮೊರಾಕೊ. ಇದೂ ಸೀಸರನ ಕ್ಯಾಲೆಂಡರಿನ ಜನವರಿ 1ನೇ ತಾರೀಕೇ. ಹದಿಮೂರು ದಿನ ಕೂಡಿಸಿ, 14 ಬಂತಲ್ಲ? ಆದರೆ ಅಧಿಕೃತ ರಜೆ ಮೊದಲು ಕೊಟ್ಟದ್ದು ಆಲ್ಜೀರಿಯಾ, 2018ರಲ್ಲಿ. ಮೊರಾಕೊದಲ್ಲಿ ಅದು ಶುರುವಾಗಿದ್ದು 2024ರಲ್ಲಿ. ಮೊದಲು ಕೊಟ್ಟವರ ಜೊತೆ ಲೆಕ್ಕದ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು ಜನವರಿ 15ಕ್ಕೆ. ಅಮೆರಿಕದಲ್ಲಿ ರಜೆ ಮಾತ್ರ ಒಂದೊಂದು ವರ್ಷ ಒಂದೊಂದು ದಿನ. ಯಾಕೆ?

ಉತ್ತರ: ವಾರಾಂತ್ಯಕ್ಕೆ ಇನ್ನೊಂದು ದಿನ ಸೇರಲಿ ಅಂತ. ಜನವರಿಯ ಮೂರನೇ ಸೋಮವಾರ ಎಂದು ಕಾನೂನು. ಹಾಗಾಗಿ 15ರಿಂದ 21ರ ಒಳಗೆ ಯಾವ ದಿನವಾದರೂ ಬರಬಹುದು. ಆ ಸೋಮವಾರವೂ ಸುಲಭವಾಗಿ ಸಿಕ್ಕಿದ್ದಲ್ಲ. 1968ರ ಏಪ್ರಿಲ್‌ನಲ್ಲಿ ಕಿಂಗ್ ಹತ್ಯೆಯಾದ ನಾಲ್ಕೇ ದಿನಕ್ಕೆ ಸಂಸದ ಜಾನ್ ಕಾನ್ಯರ್ಸ್ ಈ ರಜೆಯ ಮಸೂದೆ ಮಂಡಿಸಿದರು. ಅಧ್ಯಕ್ಷ ರೇಗನ್ ಸಹಿ ಬಿದ್ದದ್ದು 1983ರಲ್ಲಿ. ಐವತ್ತು ರಾಜ್ಯಗಳೂ ಒಪ್ಪುವಷ್ಟರಲ್ಲಿ 2000 ಆಯಿತು.

ಜಪಾನ್ ಕೂಡ ಅದೇ 2000ದಲ್ಲಿ ಹೊಸದಾಗಿ ವಯಸ್ಕರಾದವರನ್ನು ಅಭಿನಂದಿಸುವ ತನ್ನ ವಯಸ್ಕರ ದಿನವನ್ನು ಜನವರಿ 15ರಿಂದ ಎರಡನೇ ಸೋಮವಾರಕ್ಕೆ ಎಳೆದುಕೊಂಡಿತು. ಉದ್ದ ತೋಳಿನ ಕಿಮೊನೊ ಉಟ್ಟ ಹುಡುಗಿಯರ ಫೋಟೊ ನೋಡಿರುತ್ತೀರಿ. ಈಗ ಅಲ್ಲಿ 18ಕ್ಕೇ ವಯಸ್ಕರು. ಆದರೂ ಹೆಚ್ಚಿನ ಊರುಗಳಲ್ಲಿ ಸಮಾರಂಭ 20 ತುಂಬುವವರಿಗೇ. ಹದಿನೆಂಟರವರು ಜನವರಿಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗೆ ಓದುತ್ತಾ ಕೂತಿರುತ್ತಾರೆ, ಪಾಪ.

ಪ್ರಶ್ನೆ: ಜನವರಿಯಲ್ಲಿ ಒಂದೇ ಒಂದು ಹಬ್ಬಕ್ಕೆ ಹೋಗಬಹುದು ಅಂದರೆ ಎಲ್ಲಿಗೆ ಹೋಗುತ್ತೀರಿ?

ಉತ್ತರ: ನೋಡುವುದಕ್ಕೆ ಗೊಂಡರ್, ಊಟಕ್ಕೆ ಹೈಟಿ. ಒಂದೇ ಅಂದರೆ ಹೈಟಿ.

ಇಥಿಯೋಪಿಯಾದ ಗೊಂಡರ್‌ನಲ್ಲಿ ಜನವರಿ 19ರ ಟಿಮ್‌ಕತ್ (ಯೇಸುವಿನ ದೀಕ್ಷಾಸ್ನಾನ ನೆನೆಯುವ ಹಬ್ಬ) ದಿನ ಪಾದ್ರಿಗಳು ಹಳೆಯ ಕೊಳದ ನೀರನ್ನು ಮಂತ್ರಿಸುತ್ತಾರೆ. ಅದಾದ ತಕ್ಷಣ ಹುಡುಗರು ಬಟ್ಟೆ ಸಮೇತ ಧುಮುಕುತ್ತಾರೆ. ಸೊಗಸಾಗಿರುತ್ತದೆ, ಆದರೆ ನನಗೆ ನೂಕುನುಗ್ಗಲು ಆಗದು.

ಹೈಟಿಯಲ್ಲಿ ಜನವರಿ 1 ಸ್ವಾತಂತ್ರ್ಯ ದಿನ. ಫ್ರೆಂಚರ ಕಾಲದಲ್ಲಿ ಗುಲಾಮರು ಮಾಲೀಕರಿಗಾಗಿ ಕುಂಬಳಕಾಯಿ ಸೂಪ್ ಮಾಡುತ್ತಿದ್ದರು, ತಾವು ಮಾತ್ರ ಕುಡಿಯುವಂತಿರಲಿಲ್ಲ ಅನ್ನುತ್ತಾರೆ. 1804ರಲ್ಲಿ ಫ್ರೆಂಚರನ್ನು ಓಡಿಸಿ ಸ್ವತಂತ್ರರಾದರು. ಅದೇ ಸೂಪ್ ಈಗ ಆ ದಿನದ ಊಟ, ಹೆಸರು ಜುಮು. ಕುಂಬಳಕಾಯಿ ಬೇಯಿಸಿ ನುಣ್ಣಗೆ ಅರೆದು, ಅದಕ್ಕೆ ದನದ ಮಾಂಸ, ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಪಾಸ್ತಾ, ಒಂದು ಖಾರದ ಮೆಣಸಿನಕಾಯಿ ಹಾಕುತ್ತಾರೆ. ದೊಡ್ಡ ಪಾತ್ರೆಯಲ್ಲೇ ಮಾಡುವುದು, ಯಾಕೆಂದರೆ ಬಂದವರಿಗೆಲ್ಲ ಕೊಡಬೇಕು. ಮಾಂಸ ಬೇಡದವರಿಗೆ ಬರೀ ತರಕಾರಿಯದ್ದೂ ಮಾಡುತ್ತಾರೆ. ಮಾರನೇ ದಿನ, ಜನವರಿ 2, ಪೂರ್ವಜರ ದಿನ ಅಂತ ಅಲ್ಲಿ ಮತ್ತೆ ರಜೆ.