ಪ್ಯಾಕೇಜ್ ಬಿಟ್ಟು ಪರದೇಶ: ಮಲೆನಾಡಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಟೂರ್ ಕಂಪನಿಯವರು ತೋರಿಸಿದ್ದನ್ನಷ್ಟೇ ನೋಡಿ ಬರುವ ಬದಲು, ನಮಗೆ ಬೇಕಾದ ಹಾಗೆ ಹೊರದೇಶದ ಪ್ರವಾಸ ಕಟ್ಟಿಕೊಳ್ಳುವುದು ಹೇಗೆ? ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಇಲ್ಲಿ ಕೊಟ್ಟ ಅಂಕಿಗಳನ್ನು ದುಡ್ಡು ಕಟ್ಟುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ, ಮೆಣಸಿನ ತೋಟ. ಗಂಡ ಹೆಂಡತಿ ಹತ್ತು ದಿನ ವಿಯೆಟ್ನಾಂಗೆ ಹೋಗಬೇಕೆಂದಿದ್ದೇವೆ. ಏಜೆಂಟರೆಲ್ಲ ಹಾ ಲಾಂಗ್ ಕೊಲ್ಲಿ, ಬಾ ನಾ ಬೆಟ್ಟ ಎನ್ನುತ್ತಾರೆ. ನಮಗೆ ಅಲ್ಲಿನ ಮೆಣಸಿನ ತೋಟ ನೋಡಬೇಕು, ಹಳೆಯ ದೇವಸ್ಥಾನ ನೋಡಬೇಕು. ಸಸ್ಯಾಹಾರಿಗಳು. ಆಗುತ್ತದೆಯೇ?
— ಹೊಸನಗರ ತಾಲ್ಲೂಕಿನ ಬೆಳೆಗಾರರು

ಖಂಡಿತ ಆಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವ ದೇಶಕ್ಕೆ ಹೋಗಿ ಮೆಣಸಿನ ಬಳ್ಳಿಯನ್ನೇ ನೋಡದೆ ಬರುವುದು ನಿಮ್ಮಂಥವರಿಗೆ ನಿಜಕ್ಕೂ ನಷ್ಟ.

ಮೊದಲು ಕಾಲ ಗೊತ್ತುಮಾಡಿ. ನಿಮ್ಮ ಅಡಿಕೆ ಸುಲಿತ ಮುಗಿದು, ಮೆಣಸು ಕೊಯ್ದು ಒಣಗಿಸಿ ಆಗುವ ಹೊತ್ತಿಗೆ ಮಾರ್ಚ್ ಕೊನೆ ಬರುತ್ತದೆ. ವಿಯೆಟ್ನಾಂನ ಮಧ್ಯ ಎತ್ತರ ಪ್ರದೇಶದಲ್ಲಿ ಮೆಣಸಿನ ಕೊಯ್ಲು ಹೆಚ್ಚುಕಡಿಮೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಹಾಗಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಎರಡನೇ ವಾರದೊಳಗೆ ಹೋದರೆ ಕೊಯ್ಲಿನ ಕೊನೆಯ ಭಾಗವಾದರೂ ಸಿಗುತ್ತದೆ, ಅಲ್ಲಿ ಒಣ ಹವೆಯೂ ಇರುತ್ತದೆ. ಅಕ್ಟೋಬರ್, ನವೆಂಬರ್ ಬೇಡ. ಆಗ ದೇಶದ ನಡುಭಾಗದ ಹ್ವೇ, ಹೊಯ್ ಆನ್ ಊರುಗಳ ಕಡೆ ನಮ್ಮ ಜುಲೈಯಂಥ ಮಳೆ, ಪ್ರವಾಹ. ಜನವರಿ ಕೊನೆ, ಫೆಬ್ರುವರಿಯಲ್ಲಿ ಬರುವ ಅವರ ಹೊಸವರ್ಷ ‘ಟೆಟ್’ ಸಮಯದಲ್ಲಿ ಅಂಗಡಿ ಮುಚ್ಚಿರುತ್ತವೆ, ರೈಲಿನಲ್ಲಿ ಜಾಗ ಸಿಗುವುದಿಲ್ಲ. ಏಪ್ರಿಲ್ 30, ಮೇ 1 ಅವರಿಗೆ ಸಾಲು ರಜೆ, ಅದನ್ನೂ ತಪ್ಪಿಸಿ.

ಟಿಕೆಟ್ ಹುಡುಕುವಾಗ ‘ಹೋಗಿ ಬರುವ’ ಟಿಕೆಟ್ ಬದಲು ‘ಮಲ್ಟಿ ಸಿಟಿ’ ಒತ್ತಿ: ಹೋಗುವಾಗ ಬೆಂಗಳೂರಿನಿಂದ ಹೋ ಚಿ ಮಿನ್ ನಗರ, ಬರುವಾಗ ಹನೋಯ್‌ನಿಂದ ಬೆಂಗಳೂರು. ದಕ್ಷಿಣದಿಂದ ಉತ್ತರಕ್ಕೆ ಉದ್ದನೆಯ ದೇಶ ಅದು. ಎರಡೂ ಊರಿನ ನಡುವೆ ರೈಲು ಹಾದಿಯೇ 1,726 ಕಿ.ಮೀ. ಇಳಿದ ಊರಿಗೇ ಮರಳಿ ಬಂದು ಹತ್ತುವ ಹಾಗೆ ಟಿಕೆಟ್ ಮಾಡಿದರೆ ಒಂದು ದಿನ ಸುಮ್ಮನೆ ಹೋಗುತ್ತದೆ.

ಹತ್ತು ರಾತ್ರಿಯನ್ನು ಹೀಗೆ ಹಂಚಿ. ಹೋ ಚಿ ಮಿನ್ ನಗರದಲ್ಲಿ ಒಂದು. ಬುವಾನ್ ಮಾ ಥುವಟ್‌ನಲ್ಲಿ ಮೂರು: ಡಾಕ್ ಲಾಕ್ ಪ್ರಾಂತ್ಯದ ಈ ಊರು ರೊಬಸ್ಟಾ ಕಾಫಿಗೆ ಹೆಸರಾದದ್ದು, ಸುತ್ತಲೂ ಮೆಣಸಿನ ತೋಟಗಳಿವೆ, ವಿಮಾನದಲ್ಲಿ ಸುಮಾರು ಒಂದು ಗಂಟೆ. ಹೊಯ್ ಆನ್‌ನಲ್ಲಿ ಮೂರು, ಹ್ವೇಯಲ್ಲಿ ಎರಡು, ಹನೋಯ್‌ನಲ್ಲಿ ಒಂದು. ಹೊಯ್ ಆನ್‌ಗೆ ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ 30 ಕಿ.ಮೀ. ಬುವಾನ್ ಮಾ ಥುವಟ್‌ನಿಂದ ಡಾ ನಾಂಗ್‌ಗೆ ವಿಮಾನ ವಾರದ ಯಾವ ದಿನಗಳಂದು ಇದೆ ಎಂದು ಮೊದಲು ನೋಡಿ, ಆಮೇಲೆ ಉಳಿದ ದಿನಗಳನ್ನು ಅದರ ಸುತ್ತ ಜೋಡಿಸಿ. ಡಾ ನಾಂಗ್‌ನಿಂದ ಹ್ವೇಗೆ ಮಾತ್ರ ಹಗಲು ರೈಲೇ ಹಿಡಿಯಿರಿ. ಹಾಯ್ ವಾನ್ ಘಾಟಿಯನ್ನು ಸಮುದ್ರದ ಅಂಚಿನಲ್ಲೇ ಬಳಸಿ ಹೋಗುವ ಮೂರು ಗಂಟೆಯ ದಾರಿ, ಸಮುದ್ರ ನಿಮ್ಮ ಬಲಕ್ಕೆ ಇರುತ್ತದೆ. ಹಾ ಲಾಂಗ್ ಬಿಡಿ. ಹನೋಯ್‌ನಿಂದ ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ನಿಮ್ಮ ಆಸಕ್ತಿಗೆ ಅದು ಬೇಕಿಲ್ಲ.

ಕೆಳದಿ, ಇಕ್ಕೇರಿ ನೋಡಿ ಬೆಳೆದವರು ಮಿ ಸೋನ್ ತಪ್ಪಿಸಬಾರದು. ಹೊಯ್ ಆನ್‌ನಿಂದ ಸುಮಾರು 40 ಕಿ.ಮೀ. ಚಾಂಪಾ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವಾಲಯಗಳ ಗುಂಪು, ಭದ್ರೇಶ್ವರನ ಕ್ಷೇತ್ರ. ಅಮೆರಿಕದ ಬಾಂಬಿಗೆ ಮುಖ್ಯ ಗೋಪುರ 1969ರಲ್ಲಿ ನೆಲಕ್ಕುರುಳಿತು. ಉಳಿದ ಕೆಲವು ಗುಂಪುಗಳ ಜೀರ್ಣೋದ್ಧಾರ ಮಾಡಿದ್ದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ. 2020ರಲ್ಲಿ ಅದೇ ಕೆಲಸದ ವೇಳೆ ಮರಳುಗಲ್ಲಿನ ಶಿವಲಿಂಗವೊಂದು ಸಿಕ್ಕಿತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಹತ್ತು ಗಂಟೆಯ ಮೇಲೆ ಬಿಸಿಲೂ ಜಾಸ್ತಿ, ಬಸ್ಸುಗಳೂ ಜಾಸ್ತಿ.

ತೋಟ ನೋಡಲು ಟಿಕೆಟ್ ಮಾರುವವರಿಲ್ಲ, ಪರಿಚಯವೇ ದಾರಿ. ಎರಡು ತಿಂಗಳು ಮೊದಲೇ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ, ಕೊಡಗಿನ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲೋ ಮೆಣಸಿನ ವಿಜ್ಞಾನಿಗಳನ್ನು ಕಂಡು, ಬುವಾನ್ ಮಾ ಥುವಟ್‌ನ ಪಶ್ಚಿಮ ಎತ್ತರ ಪ್ರದೇಶದ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆಗೆ ಒಂದು ಪರಿಚಯ ಪತ್ರ ಕೇಳಿ. ಅದು ಕೂಡಿಬರದಿದ್ದರೆ ಊರಿನ ಸಣ್ಣ ಹೋಂಸ್ಟೇಯವರಿಗೆ ಮೊದಲೇ ಬರೆದು, ಇಂಗ್ಲಿಷ್ ಬಲ್ಲ ಗೈಡನ್ನು ಎರಡು ದಿನಕ್ಕೆ ಗೊತ್ತುಮಾಡಿ. ಏನು ನೋಡಬೇಕೆಂದು ಬಿಡಿಸಿ ಬರೆಯಿರಿ: ಕಂಬಕ್ಕೆ ಹಬ್ಬಿಸಿದ ತೋಟ, ಜೀವಂತ ಮರಕ್ಕೆ ಹಬ್ಬಿಸಿದ ತೋಟ, ನೀರು ಬಸಿಯುವ ಕಾಲುವೆ, ಒಣಗಿಸುವ ಕಣ. ಸೊರಗು ರೋಗ ಅವರನ್ನೂ ಬಿಟ್ಟಿಲ್ಲ, ಮಾತಾಡಲು ವಿಷಯ ಬೇಕಾದಷ್ಟಿದೆ.

ಆದರೆ ಒಂದು ಮಾತನ್ನು ದಯವಿಟ್ಟು ಪಾಲಿಸಿ. ಅಲ್ಲಿಂದ ಬಳ್ಳಿಯ ತುಂಡು, ಗಿಡ, ಬೀಜ, ಹಿಡಿ ಮಣ್ಣು ಏನನ್ನೂ ತರಬೇಡಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಸಸಿ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಕಾನೂನುಬಾಹಿರ. ಸೊರಗು ರೋಗದ ರೋಗಾಣು ಮಣ್ಣಿನಲ್ಲೇ ಬರುತ್ತದೆ. ತೋಟಕ್ಕೆ ಬೇರೆಯೇ ಹಳೆಯ ಶೂ ಒಯ್ದು ಅಲ್ಲೇ ಬಿಟ್ಟು ಬನ್ನಿ. ತರಲೇಬೇಕಿದ್ದರೆ ಅಟ್ಟೆಯ ಸಂದಿನ ಮಣ್ಣೆಲ್ಲ ಬ್ರಷ್‌ನಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿ ತನ್ನಿ. ನಿಮ್ಮದಷ್ಟೇ ಅಲ್ಲ, ಇಡೀ ಹೋಬಳಿಯ ತೋಟದ ಪ್ರಶ್ನೆ ಅದು.

ಇ–ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ಅದಕ್ಕೇ ಹಲವು ಪಟ್ಟು ಕೇಳುತ್ತವೆ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದೇ ಮುಗಿಯುತ್ತದೆ. ಹೆಸರನ್ನು ಪಾಸ್‌ಪೋರ್ಟ್‌ನ ಕೆಳಗಿನ ಎರಡು ಯಂತ್ರ ಸಾಲುಗಳಲ್ಲಿ ಇರುವಂತೆಯೇ ತುಂಬಿ. ಒಂದಕ್ಷರ ತಪ್ಪಿದರೂ ಮತ್ತೆ ಅರ್ಜಿ, ಮತ್ತೆ ಶುಲ್ಕ.

ಊಟಕ್ಕೆ ಸಿ–ಹೆಚ್–ಎ–ವೈ ಎಂಬ ನಾಲ್ಕು ಅಕ್ಷರದ ಬೋರ್ಡ್ ಹುಡುಕಿ, ಅದು ಬೌದ್ಧ ಸಸ್ಯಾಹಾರದ ಹೋಟೆಲು. ಬೇರೆ ಕಡೆ ಬರೀ ‘ಮಾಂಸ ಬೇಡ’ ಎಂದರೆ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಹ್ಯಾಪಿಕೌ’ ಆ್ಯಪ್‌ನಲ್ಲಿ ಇಂಥ ಹೋಟೆಲುಗಳ ನಕ್ಷೆ ಸಿಗುತ್ತದೆ. ನೀವು ಉಳಿಯುವ ಕೋಣೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರಲಿ.

ಪ್ರಶ್ನೆ: ಯೂಟ್ಯೂಬ್, ಇನ್‌ಸ್ಟಾಗ್ರಾಂ, ಬುಕಿಂಗ್ ತಾಣ, ಈಗ ಎಐ ಬೇರೆ. ಒಂದೊಂದು ಒಂದೊಂದು ಹೇಳುತ್ತದೆ. ಯಾವುದನ್ನು ನಂಬುವುದು?
— ವಿನೋಬನಗರ, ಶಿವಮೊಗ್ಗ

ಒಂದನ್ನೇ ಎಲ್ಲದಕ್ಕೂ ನಂಬಬೇಡಿ. ಯಾವ ಪ್ರಶ್ನೆ ಯಾರಿಗೆ ಎಂದು ಗೊತ್ತುಮಾಡಿಕೊಂಡರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಪ್ರವೇಶ, ವೀಸಾ ನಿಯಮಕ್ಕೆ ಸರ್ಕಾರಿ ತಾಣ ಮಾತ್ರ. ರೈಲಿನ ವಿವರಕ್ಕೆ ‘ಸೀಟ್ 61’ ಎಂಬ ತಾಣ: ಯಾವ ದರ್ಜೆ, ಯಾವ ಬದಿಯ ಕಿಟಕಿ, ಟಿಕೆಟ್ ಎಷ್ಟು ದಿನ ಮೊದಲು ಬಿಡುತ್ತಾರೆ ಎಂಬುದೆಲ್ಲ ಅಲ್ಲಿದೆ. ಎರಡು ಊರಿನ ನಡುವೆ ಬಸ್ಸೋ, ರೈಲೋ, ದೋಣಿಯೋ ಎಂದು ತಿಳಿಯಲು ‘ರೋಮ್‌ಟುರಿಯೊ’ ಚೆನ್ನ. ಆದರೆ ಅದರ ದರ, ಸಮಯ ಅಂದಾಜಿನದು, ಸಾರಿಗೆ ಸಂಸ್ಥೆಯ ಸ್ವಂತ ತಾಣದಲ್ಲಿ ಖಚಿತಪಡಿಸಿಕೊಳ್ಳಿ. ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ ಬಗೆ, ಆ ಊರಿನ ಮೋಸಗಳು ‘ವಿಕಿವಾಯೇಜ್’ನಲ್ಲಿ ಚುಟುಕಾಗಿ ಸಿಗುತ್ತವೆ. ಇತಿಹಾಸಕ್ಕೆ ಲೈಬ್ರರಿಯ ಹಳೆಯ ಗೈಡ್ ಪುಸ್ತಕ ಸಾಕು, ದರಕ್ಕೆ ಅದು ಬೇಡ.

ಹೋಟೆಲಿನ ಅಂಕ 8.5 ಇದೆಯೇ 9 ಇದೆಯೇ ಎಂಬುದಕ್ಕಿಂತ, ವಿಮರ್ಶೆಗಳನ್ನು ‘ಹೊಸದು ಮೊದಲು’ ಎಂದು ಜೋಡಿಸಿ ಈಚಿನ ಇಪ್ಪತ್ತನ್ನು ಓದಿ. ಲಿಫ್ಟ್ ಇಲ್ಲ, ಪಕ್ಕದಲ್ಲಿ ಕಟ್ಟಡದ ಕೆಲಸ, ಬಿಸಿನೀರು ಬರುವುದಿಲ್ಲ ಎಂಬ ಸತ್ಯ ಅಲ್ಲಿರುತ್ತದೆ. ವಿಡಿಯೋದಿಂದ ಜಾಗ ಹೇಗೆ ಕಾಣುತ್ತದೆ ಎಂದು ತಿಳಿಯಬಹುದು, ಆದರೆ ಅದು ಯಾವ ತಿಂಗಳಲ್ಲಿ ತೆಗೆದದ್ದು ಎಂದು ನೋಡಿ. ಎಐ ನಿಮ್ಮದೇ ಪಟ್ಟಿಯನ್ನು ದಿನವಾರು ಹಂಚಲು ಉಪಯೋಗಕ್ಕೆ ಬರುತ್ತದೆ. ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ರೈಲು ಸಮಯಕ್ಕೆ ಅದನ್ನು ನೆಚ್ಚಬೇಡಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಓರ್ಸೆ ಮ್ಯೂಸಿಯಂ ಸೋಮವಾರ. ಎಐ ಬರೆದ ಪಟ್ಟಿಯಲ್ಲಿ ಇಂಥ ದಿನಗಳೇ ಅದಲುಬದಲಾಗುವುದು.

ನೋಡಬೇಕೆನಿಸಿದ್ದನ್ನೆಲ್ಲ ಗೂಗಲ್ ಮ್ಯಾಪ್‌ನಲ್ಲಿ ಒಂದು ಪಟ್ಟಿ ಮಾಡಿ ಗುರುತು ಹಾಕಿ. ಗುರುತುಗಳು ಗುಂಪಾಗಿ ಬಿದ್ದ ಕಡೆ ಉಳಿಯಿರಿ, ಒಂಟಿಯಾಗಿ ದೂರ ಬಿದ್ದದ್ದನ್ನು ಕೈಬಿಡಿ. ಹೋಟೆಲು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಯಿತೆಂದೇ ಲೆಕ್ಕ ಹಿಡಿಯಿರಿ. ಕೊನೆಗೆ ಒಂದು ಹಾಳೆಯಲ್ಲಿ ಬುಕಿಂಗ್, ಮೊತ್ತ, ಹಣ ವಾಪಸಾಗುವಂತೆ ರದ್ದುಮಾಡಲು ಕೊನೆಯ ದಿನ ಇಷ್ಟು ಬರೆದಿಡಿ. ಆ ಕೊನೆಯ ದಿನವನ್ನೇ ಎಲ್ಲರೂ ಮರೆಯುವುದು.

ಪ್ರಶ್ನೆ: ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಮೂರು ವಾರ ಅವಳ ಮನೆ, ಆಮೇಲೆ ನಾಲ್ಕು ದಿನ ಪ್ಯಾರಿಸ್. ನಮಗೆ ಸಂಬಳದ ಚೀಟಿ ಇಲ್ಲ, ತೋಟದ ಆದಾಯ. ವೀಸಾ ಕೊಡುತ್ತಾರೆಯೇ?
— ಸಾಗರ

ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ, ಅಂದರೆ ಜರ್ಮನಿಗೆ. ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾದ ಶುಲ್ಕ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು. ಬೇಸಿಗೆಗೆ ಹೋಗುವವರು ಮೂರು ತಿಂಗಳು ಮೊದಲೇ ಹಾಕಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೊದಲ ಸಲವಾದ್ದರಿಂದ ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಅದು 59 ತಿಂಗಳು ಉಳಿಯುತ್ತದೆ. ಪ್ರಯಾಣ ವಿಮೆ 30,000 ಯೂರೊಗೆ ಕಡಿಮೆ ಇರಕೂಡದು. ಬಿ.ಪಿ., ಶುಗರ್ ಇದ್ದರೆ ಮೊದಲೇ ಇದ್ದ ಕಾಯಿಲೆಗೂ ಅನ್ವಯಿಸುವ ಪಾಲಿಸಿ ಕೇಳಿ, ಅಗ್ಗದ್ದರಲ್ಲಿ ಅದಿರುವುದಿಲ್ಲ.

ತೋಟದ ಆದಾಯವೆಂದು ಅಳುಕಬೇಕಿಲ್ಲ, ಅದನ್ನು ಕಾಗದದಲ್ಲಿ ತೋರಿಸಬೇಕು ಅಷ್ಟೇ. ಪಹಣಿ, ಮ್ಯಾಮ್‌ಕೋಸ್ ಅಥವಾ ಮಂಡಿಯಲ್ಲಿ ಅಡಿಕೆ ಮಾರಿದ ಪಟ್ಟಿಗಳು, ಆ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ಸೇರಿಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ರಿಟರ್ನ್‌ನಲ್ಲಿ ವಿನಾಯಿತಿ ಆದಾಯವೆಂದು ತೋರಿಸಿ ಸಲ್ಲಿಸಿದರೆ ಅರ್ಜಿಗೆ ಬಲ ಬರುತ್ತದೆ. ಅರ್ಜಿಯ ಮುಂಚಿನ ವಾರ ಭಾವನಿಂದಲೋ ತಮ್ಮನಿಂದಲೋ ಐದು ಲಕ್ಷ ತಂದು ಖಾತೆಗೆ ಹಾಕುವ ಕೆಲಸ ಮಾತ್ರ ಬೇಡ. ಎಲ್ಲಿಂದ ಬಂತೆಂದು ತಿಳಿಯದ ದೊಡ್ಡ ಜಮೆ ಕಂಡರೆ ಅಧಿಕಾರಿಗೆ ಅನುಮಾನ ಬರುತ್ತದೆ.

ಖರ್ಚು ಮಗಳೇ ನೋಡಿಕೊಳ್ಳುವುದಾದರೆ ಅವಳು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಹೊಣೆಪತ್ರ ಮಾಡಿಸಿ ಮೂಲಪ್ರತಿಯನ್ನೇ ಕಳಿಸಬೇಕು. ಶುಲ್ಕ 29 ಯೂರೊ. ಆ ಕಚೇರಿಯ ಅಪಾಯಿಂಟ್‌ಮೆಂಟಿಗೇ ಕೆಲವು ಊರುಗಳಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ, ಈ ವಾರವೇ ಹೇಳಿ. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ, ಕಾಯ್ದಿರಿಸಿದ ವಿವರ ಸಾಕು. ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ನೇರ ವೇಗದ ರೈಲು ಇದೆ, ಮೂರು ಗಂಟೆ ಚಿಲ್ಲರೆ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ದುಬೈಗೆ ತೊಂದರೆಯೇ?
— ಕೊಪ್ಪ

ಆಗಬಹುದು. ಒಂದೇ ಹೆಸರಿನ ಪಾಸ್‌ಪೋರ್ಟ್‌ನಲ್ಲಿ ಪ್ರವಾಸಿ ವೀಸಾಕ್ಕೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಇನಿಷಿಯಲ್ಸ್ ಬಿಡಿಸಿ ಮನೆತನದ ಅಥವಾ ತಂದೆಯ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕುವುದೇ ಶಾಶ್ವತ ಪರಿಹಾರ. 36 ಪುಟದ್ದಕ್ಕೆ 1,500 ರೂ. ಆಧಾರ್‌ನಲ್ಲೂ ಅದೇ ಹೆಸರು ಮೊದಲು ಸರಿಮಾಡಿಸಿ. ಅಮೆರಿಕದಂಥ ದೇಶದ ಹಳೆಯ ವೀಸಾ ಇದ್ದರೆ ಆ ಹಳೆಯ ಪಾಸ್‌ಪೋರ್ಟ್ ಜೋಪಾನವಾಗಿರಲಿ.

ಪ್ರಶ್ನೆ: ಜುಲೈನಲ್ಲಿ ಬೆಂಗಳೂರಿನಿಂದ ರಾತ್ರಿ ವಿಮಾನ. ಅದೇ ದಿನ ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನದಲ್ಲಿ ಹೋದರೆ ಸಾಕೇ?
— ತೀರ್ಥಹಳ್ಳಿ

ಮಳೆಗಾಲದಲ್ಲಿ ಬೇಡ. ಮೋಡ ಕವಿದು ಇಳಿಯಲಾಗದೆ ವಿಮಾನ ರದ್ದಾದರೆ, ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರಿಂದ ಮುಂದಿನ ವಿಮಾನದವರು ನಿಮಗಾಗಿ ಕಾಯುವುದೂ ಇಲ್ಲ, ಹಣ ಕೊಡುವುದೂ ಇಲ್ಲ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿ ತಂಗಿ, ವಾಯುವಜ್ರ ಬಸ್ಸಿನಲ್ಲಿ ನಿಲ್ದಾಣಕ್ಕೆ ಹೋಗಿ, ಮೂರು ಗಂಟೆ ಮೊದಲೇ. ಗಲ್ಫ್ ಕಡೆಗಾದರೆ ಮಂಗಳೂರು ಹತ್ತಿರ. ಆದರೆ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ಬಾಳೆಬರೆ ಘಾಟಿ ಬಳಸಬೇಕು, ಅದೂ ಕೆಲವೊಮ್ಮೆ ಮುಚ್ಚಿರುತ್ತದೆ. ಆ ದಾರಿಗೂ ಒಂದು ರಾತ್ರಿ ಮುಂಚಿತವಾಗಿಯೇ ಹೊರಡಿ.

ಪ್ರಶ್ನೆ: ದುಡ್ಡು ಹೇಗೆ ಒಯ್ಯುವುದು? ಟಿಸಿಎಸ್ ಎಂದರೇನು?
— ಭದ್ರಾವತಿ

ಎರಡು ಬಗೆಯ ಕಾರ್ಡ್, ಸ್ವಲ್ಪ ನಗದು. ಒಂದು ಮೊದಲೇ ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡ್, ಇನ್ನೊಂದು ವಿದೇಶಿ ಬಳಕೆಗೆ ತೆರೆದ ಕ್ರೆಡಿಟ್ ಕಾರ್ಡ್, ಎರಡೂ ಒಂದೇ ಚೀಲದಲ್ಲಿ ಬೇಡ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುವಿರಾ’ ಎಂದು ಕೇಳಿದರೆ ಬೇಡವೆಂದು ಆ ದೇಶದ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಆರಿಸಿದರೆ ಅವರದೇ ಕೆಟ್ಟ ದರ ಬೀಳುತ್ತದೆ. ಭಾರತದ ನೋಟು 25,000 ರೂ.ವರೆಗೆ ಒಯ್ಯಬಹುದು, ವಾಪಸು ಬಂದಾಗ ಊರು ಸೇರಲು ಬೇಕಾಗುತ್ತದೆ.

ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದರೆ, ಪ್ರವಾಸದ ಮಟ್ಟಿಗೆ, ವಿದೇಶ ಪ್ಯಾಕೇಜ್ ಮಾರುವವರು ನಿಮ್ಮಿಂದ ಮೊದಲೇ ಹಿಡಿದುಕೊಳ್ಳುವ ತೆರಿಗೆ. ಬರೀ ವಿಮಾನ ಟಿಕೆಟ್ ಅಥವಾ ಬರೀ ಹೋಟೆಲು ಕೊಂಡರೆ ಅದು ಪ್ಯಾಕೇಜ್ ಅಲ್ಲ. ಎರಡನ್ನೂ ಒಬ್ಬರ ಬಳಿಯೇ ಒಟ್ಟಿಗೆ ಕೊಂಡರೆ ಪ್ಯಾಕೇಜ್ ಆಗುತ್ತದೆ. ಹಿಡಿದ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸಿ ವಾಪಸು ಪಡೆಯಿರಿ.

ಪ್ರಶ್ನೆ: ಸಿಂಗಪುರದಲ್ಲಿರುವ ಮಗನಿಗೆ ಅಡುಗೆ ಸಾಮಾನು ಒಯ್ಯಬಹುದೇ? ಪಾಯಸಕ್ಕೆ ಗಸಗಸೆ ಕೇಳಿದ್ದಾನೆ.
— ಶೃಂಗೇರಿ

ಗಸಗಸೆ ಒಂದು ಕಾಳೂ ಬೇಡ, ಅಮ್ಮಾ. ಸಿಂಗಪುರ, ಯುಎಇ ಎರಡೂ ಕಡೆ ಅದು ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ, ಜೈಲಾಗುವ ವಿಷಯ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲೂ ಗಸಗಸೆ ಬಿದ್ದಿದೆಯೇ ಎಂದು ನೆನಪು ಮಾಡಿಕೊಂಡೇ ಕಟ್ಟಿ. ಉಪ್ಪಿನಕಾಯಿ, ಎಣ್ಣೆಯ ಪದಾರ್ಥವನ್ನು ಚೆಕ್‌ಇನ್ ಲಗೇಜಿನಲ್ಲೇ, ಎರಡು ಸುತ್ತು ಪ್ಲಾಸ್ಟಿಕ್ ಬಿಗಿದು ಇಡಿ. ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಚೂಯಿಂಗ್ ಗಮ್, ಜಗಿಯುವ ತಂಬಾಕು ಬೇಡ. ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಲ್ಲೇ ಇಟ್ಟು, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯಿರಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಮನೆಯಲ್ಲೇ ಇರಲಿ.